ಖಾಲಿ ಹಾಳೆಯ ಪಂಚ

ಪೊಲೀಸ್ ಠಾಣೆಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಒಂದು ಬೈಂಡಿಂಗ್ ಅಂಗಡಿಯಿತ್ತು. ಅಂಗಡಿ ಅಂದರೆ ದೊಡ್ಡದೇನಲ್ಲ. ಕಾಗದ ಕತ್ತರಿಸುವ ಒಂದು ಯಂತ್ರ, ಪುಸ್ತಕ ಒತ್ತಲು ಒಂದು ತಿರುಪು, ಅಂಟಿನ ಡಬ್ಬಿ, ಮೇಣ ಹಚ್ಚಿದ ದಾರದ ಉಂಡೆ, ಇವುಗಳ ನಡುವೆ ಮೊಣಕಾಲು ಮಡಚಿ ಕೂತ ಒಬ್ಬ ಮನುಷ್ಯ. ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕಸುಬು. ಅದರಲ್ಲಿ ಅವನದು ನಿಜಕ್ಕೂ ಪಳಗಿದ ಕೈ. ಅವನು ಹೊಲಿದ ರಿಜಿಸ್ಟರಿನ ಬೆನ್ನು ಎಷ್ಟು ವರ್ಷವಾದರೂ ಬಿಡುತ್ತಿರಲಿಲ್ಲ. ಆದರೆ ಅದರ ಬಗ್ಗೆ ಅವನಿಗೆ ಎಳ್ಳಷ್ಟೂ ಹೆಮ್ಮೆಯಿರಲಿಲ್ಲ. ಕೆಲವರ ಬುದ್ಧಿಯೇ ಹಾಗೆ, ಬಂದ ವಿದ್ಯೆಯನ್ನು ಮೂಲೆಗೆ ತಳ್ಳಿ, ಬಾರದ ದೊಡ್ಡಸ್ತಿಕೆಗೆ ಬಾಯಿ ಬಾಯಿ ಬಿಡುತ್ತಾರೆ. ಅವನ ಜಂಬವೆಲ್ಲ ತಾನೊಬ್ಬ ಸಾಕ್ಷಿ ಎಂಬುದರಲ್ಲಿತ್ತು. ಬೀದಿಯವರು ಅವನಿಗೆ ಸಾಕ್ಷಪ್ಪ ಎಂದು ಹೆಸರಿಟ್ಟಿದ್ದರು. ಗೇಲಿಗೆ ಇಟ್ಟ ಹೆಸರನ್ನು ಅವನು ಬಿರುದು ಎಂದುಕೊಂಡು ಮೀಸೆ ತಿರುವುತ್ತಿದ್ದ.

ಎಂಥ ಸಾಕ್ಷಿ ಅನ್ನುವುದನ್ನೂ ಹೇಳಿಬಿಡಬೇಕು. ಪೊಲೀಸರು ಎಲ್ಲಾದರೂ ಹೋಗಿ ಕದ್ದ ಮಾಲನ್ನು ಹಿಡಿದರೆ, ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾರು ತೋರಿಸಿಕೊಟ್ಟರು ಎಂದು ಅಲ್ಲೇ ಕೂತು ಬರೆಯಬೇಕು. ಆ ಬರಹಕ್ಕೆ ಮಹಜರು ಎಂದು ಹೆಸರು. ಪೊಲೀಸರು ಬರೆದದ್ದಕ್ಕೆ ಪೊಲೀಸರೇ ಸಾಕ್ಷಿ ಅಂದರೆ ನ್ಯಾಯಾಲಯ ಸುಮ್ಮನೆ ಒಪ್ಪುವುದಿಲ್ಲ. ಅದಕ್ಕೇ ಯಾವ ಕಡೆಗೂ ಸೇರದ ಇಬ್ಬರು ಮರ್ಯಾದಸ್ಥರು ಪಕ್ಕದಲ್ಲಿ ನಿಂತು, ಎಲ್ಲವನ್ನೂ ಕಣ್ಣಾರೆ ಕಂಡು, ಬರೆದದ್ದನ್ನು ಓದಿ ಸಹಿ ಹಾಕಬೇಕು. ಅವರೇ ಪಂಚರು. ಮುಂದೆ ಆ ಪ್ರಕರಣ ವಿಚಾರಣೆಗೆ ಬಂದಾಗ ಕಟಕಟೆ ಹತ್ತಿ, ಹೌದು, ನಾನು ಕಂಡೆ ಎಂದು ಹೇಳುವವರೂ ಅವರೇ. ಆದರೆ ಮರ್ಯಾದಸ್ಥರು ಠಾಣೆಯ ಹೆಸರು ಕೇಳಿದರೇ ಓಣಿ ಬದಲಿಸುತ್ತಾರೆ. ಕರೆದಾಗ ಬರುವ, ಬಂದಾಗ ಪ್ರಶ್ನೆ ಕೇಳದ, ಕೋರ್ಟಿಗೆ ಬಾ ಎಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುವ ಮನುಷ್ಯ ರಸ್ತೆಯ ಎದುರಿಗೇ ಸಿಕ್ಕರೆ ಪೊಲೀಸರು ಬಿಡುತ್ತಾರೆಯೇ?

ಮೊದಲ ಸಲ ಅವನು ನಿಜವಾಗಿಯೇ ಹೋಗಿ ನೋಡಿದ್ದ. ಒಂದು ಗೋದಾಮಿನ ಹಿಂದೆ ಹೂತಿಟ್ಟಿದ್ದ ಹೊಲಿಗೆ ಯಂತ್ರ. ಮಣ್ಣು ಅಗೆಯುವಾಗ ಪಕ್ಕದಲ್ಲೇ ನಿಂತಿದ್ದ, ಬರೆದದ್ದನ್ನು ಓದಿಸಿ ಕೇಳಿ ಸಹಿ ಹಾಕಿದ್ದ. ಎಂಟು ತಿಂಗಳ ಮೇಲೆ ಸಮನ್ಸು ಬಂತು. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಅವನ ಹೆಸರನ್ನು ಮೂರು ಸಲ ಕೂಗಿದ, ತುಂಬಿದ ಕೋಣೆ ತಿರುಗಿ ನೋಡಿತು. ಅವನು ಆಡಿದ ಒಂದೊಂದು ಮಾತನ್ನೂ ನ್ಯಾಯಾಧೀಶರು ತಿದ್ದಿ ತೀಡಿ ಗಟ್ಟಿಯಾಗಿ ಹೇಳಿದರು, ಕೆಳಗೆ ಕೂತ ಬೆರಳಚ್ಚುಗಾರ್ತಿ ಅದನ್ನು ಟಕಟಕನೆ ಟೈಪು ಮಾಡಿದಳು. ಮನೆಯಲ್ಲಿ ಅವನು ನೀರು ಕೇಳಿದರೆ ಎರಡನೆಯ ಸಲಕ್ಕೂ ಯಾರೂ ಏಳುತ್ತಿರಲಿಲ್ಲ. ಇಲ್ಲಿ ಅವನು ಕೆಮ್ಮಿದರೂ ಇಡೀ ಕೋರ್ಟು ನಿಂತು ಕಾಯುತ್ತಿತ್ತು. ಅಲ್ಲಿಗೆ ಅವನ ತಲೆಗೆ ಕೋಡು ಮೂಡಿತು.

ಎರಡನೆಯದಕ್ಕೂ ಮೂರನೆಯದಕ್ಕೂ ಕಾಲು ಸವೆಸಿ ಹೋದ. ನಾಲ್ಕನೆಯ ಸಲ ಜೀಪು ಬಂದಾಗ ಅವನ ಕೈತುಂಬ ಅಂಟು. ಆಗ ಠಾಣೆಯ ರೈಟರ್, ಅಂದರೆ ಅಲ್ಲಿ ಕೂತು ಕಡತ ಬರೆಯುವ ಪೊಲೀಸು, ಒಂದು ಸುಲಭದ ದಾರಿ ತೋರಿಸಿದ.

"ಪ್ರತಿ ಸಲ ನಿಮಗ್ಯಾಕೆ ತೊಂದರೆ ಸಾಹೇಬ್ರೇ? ಒಂದು ಹತ್ತು ಹಾಳೆಗೆ ಕೆಳಗಡೆ ಸಹಿ ಹಾಕಿಟ್ಟುಬಿಡಿ. ಬೇಕಾದಾಗ ಮೇಲೆ ನಾವು ಬರ್ಕೋತೀವಿ."

ಪೊಲೀಸಿನವನ ಬಾಯಲ್ಲಿ ಸಾಹೇಬ್ರೇ! ನಮ್ಮ ಸಾಕ್ಷಪ್ಪ ಅಷ್ಟಕ್ಕೇ ಕರಗಿ ನೀರಾದ. ಅಂಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಹತ್ತು ಖಾಲಿ ಹಾಳೆಯ ಬುಡದಲ್ಲಿ ಬಲಗಡೆ ಅಂದವಾಗಿ ಸಹಿ ಹಾಕಿದ. ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ರಟ್ಟು ಹಾಕಿದ ರಿಜಿಸ್ಟರುಗಳನ್ನು ಠಾಣೆಗೆ ಕೊಡಲು ಹೋದಾಗಲೆಲ್ಲ ಒಂದು ಕುರ್ಚಿ, ಒಂದು ಲೋಟ ಚಹಾ, ಒಂದು ಕಟ್ಟು ಖಾಲಿ ಹಾಳೆ. ತಾನು ಕಾಣದ ಕಳ್ಳರನ್ನು, ತಾನು ಮೆಟ್ಟದ ಜಾಗದಲ್ಲಿ, ತಾನು ಮುಟ್ಟದ ಮಾಲಿನ ಸಮೇತ ಅವನು ಚಹಾ ಕುಡಿಯುತ್ತಲೇ ನೋಡಿ ಮುಗಿಸುತ್ತಿದ್ದ. ನಾಚಿಕೆ ಅನ್ನುವುದು ಅವನ ಹತ್ತಿರ ಸುಳಿಯಲಿಲ್ಲ.

"ಮನೇಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದ್ರೂ ಇವರ ಕಣ್ಣಿಗೆ ಕಾಣಲ್ಲ. ಊರಲ್ಲಿ ಯಾರು ಏನು ಕದ್ರೂ ಕಾಣುತ್ತೆ," ಎಂದು ಹೆಂಡತಿ ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು.

"ಆಕ್ಷೇಪಣೆ ಇದೆ," ಎನ್ನುತ್ತಿದ್ದ ಇವನು. ಹೌದು, ಮನೆಯಲ್ಲೂ ಅದೇ ಭಾಷೆ. ಹೆಂಡತಿ ತರಕಾರಿ ತನ್ನಿ ಎಂದರೆ ಮುಂದಿನ ವಾಯಿದೆಗೆ ಇಡು ಎನ್ನುವುದು, ಒಡೆದ ಲೋಟವನ್ನು ಮುದ್ದೆಮಾಲು ಎಂದು ಕರೆದು ಎತ್ತಿಡುವುದು, ಕೋರ್ಟಿಗೆ ಹಾಜರು ಮಾಡುವ ಮಾಲಿಗೆ ಹಾಗೆನ್ನುತ್ತಾರೆ ಎಂದು ಯಾರೂ ಕೇಳದಿದ್ದರೂ ವಿವರಿಸುವುದು. ಮಗಳನ್ನು ನೋಡಲು ಒಬ್ಬ ಲಿಫ್ಟ್ ಮೆಕ್ಯಾನಿಕ್ ಬಂದಾಗ, ಆ ಸಂಕೋಚದ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ ಮುಕ್ಕಾಲು ಗಂಟೆ ಪಾಟೀ ಸವಾಲು ಹಾಕಿದ್ದ. ಎದುರು ಪಕ್ಷದ ವಕೀಲ ಸಾಕ್ಷಿಯನ್ನು ಕೆದಕಿ ಕೆದಕಿ ಕೇಳುವುದಕ್ಕೆ ಆ ಹೆಸರು. ಹುಡುಗ ಒಂದಕ್ಕೂ ಸುಳ್ಳು ಹೇಳಲಿಲ್ಲ, ಕೊನೆಗೆ ಬೆವರು ಒರೆಸಿಕೊಂಡು, "ಮಾವ, ನಾನು ಲಿಫ್ಟಿನಲ್ಲಿ ಸಿಕ್ಕಿಕೊಂಡೋರನ್ನ ಹೊರಗೆ ತೆಗೀತೀನಿ. ಇಷ್ಟೇ ನನ್ನ ಕೆಲಸ," ಎಂದ. ಮಗಳಿಗೆ ಆ ಮಾತು ಹಿಡಿಸಿತು. ಮದುವೆಯಾಯಿತು.

ಕೋರ್ಟಿನ ಜಗುಲಿಯಲ್ಲಿ ಅವನ ದರ್ಬಾರನ್ನು ನೋಡಬೇಕಿತ್ತು. ಮೊದಲ ಸಲ ಸಾಕ್ಷಿ ಹೇಳಲು ಬಂದು ಗಡಗಡ ನಡುಗುವವರನ್ನು ಸುತ್ತ ಕೂರಿಸಿಕೊಂಡು ಪಾಠ ಮಾಡುತ್ತಿದ್ದ. "ನೋಡಿ, ಕೋರ್ಟಲ್ಲಿ ಇರೋದು ಮೂರೇ ಉತ್ತರ. ನಮ್ಮ ಕಡೆ ವಕೀಲರು ಕೇಳಿದ್ರೆ ಹೌದು. ಎದುರು ಕಡೆಯೋರು ಕೇಳಿದ್ರೆ ಸುಳ್ಳು. ಯಾವ ಕಡೆಗೂ ಹೊಂದದಿದ್ರೆ ಜ್ಞಾಪಕ ಇಲ್ಲ. ನಾಲ್ಕನೇದು ಹೇಳಿದ್ರೋ, ಕೆಟ್ಟಿರಿ." ಇಪ್ಪತ್ತೆರಡು ಪ್ರಕರಣಗಳಲ್ಲಿ ಅವನು ಹೀಗೆ ಕಟಕಟೆ ಹತ್ತಿ ಇಳಿದಿದ್ದ. ಒಬ್ಬ ವಕೀಲನಿಗೂ ಅವನ ಬಾಯಿ ಬಿಡಿಸಲು ಆಗಿರಲಿಲ್ಲ. ಆರೋಪಿಗಳು ಏನಾದರು, ಯಾರಿಗೆ ಎಷ್ಟು ವರ್ಷ ಶಿಕ್ಷೆಯಾಯಿತು, ಅವನು ಒಮ್ಮೆಯೂ ವಿಚಾರಿಸಿದವನಲ್ಲ. ಅವನ ಮಟ್ಟಿಗೆ ಆರೋಪಿ ಎಂದರೆ ಕಟಕಟೆಯಿಂದ ಎಡಕ್ಕೆ ಕೈ ತೋರಿಸಿ ಗುರುತಿಸಬೇಕಾದ ಒಂದು ವಸ್ತು ಅಷ್ಟೆ.

ಹೀಗಿರುವಾಗ ಒಂದು ಮಧ್ಯಾಹ್ನ ಮಗಳು ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಗಂಡನನ್ನು ಪೊಲೀಸರು ಹಿಡಿದುಕೊಂಡು ಹೋಗಿ ಎರಡು ದಿನವಾಗಿತ್ತು. ಅವನು ಲಿಫ್ಟು ರಿಪೇರಿ ಮಾಡುತ್ತಿದ್ದ ಆರು ಮಹಡಿ ಕಟ್ಟಡದಲ್ಲಿ ತಾಮ್ರದ ಕೇಬಲ್ಲಿನ ಸುರುಳಿಯೊಂದು ಕಾಣೆಯಾಗಿತ್ತು. ಮೇಲಿನ ಯಂತ್ರದ ಕೋಣೆಯ ಬೀಗದ ಕೈ ಅವನ ಹತ್ತಿರವಿದ್ದದ್ದರಿಂದ ಕಟ್ಟಡದ ಮೇಲ್ವಿಚಾರಕ ಅವನ ಹೆಸರು ಹೇಳಿ ದೂರು ಕೊಟ್ಟಿದ್ದ.

"ಎರಡು ದಿನ ಆಯ್ತು ಅಂತೀಯ, ನನಗ್ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದ್ರು. ವಿಚಾರಣೆ ಮಾಡಿ ಬಿಟ್ಟುಬಿಡ್ತಾರೆ, ಮಾವನಿಗೆ ಯಾಕೆ ಮುಜುಗರ ಅಂದ್ರು. ಈಗ ನೋಡಿದ್ರೆ ಕೋರ್ಟಿಗೆ ಕರ್ಕೊಂಡು ಹೋಗಿದ್ದಾರೆ ಅಪ್ಪ."

"ಅಳಬೇಡ. ನಾನ್ಯಾರು ಅಂತ ಆ ಠಾಣೆಗೆ ಗೊತ್ತು," ಎಂದು ಸಾಕ್ಷಪ್ಪ ಎದೆ ಸೆಟೆಸಿ ರಸ್ತೆ ದಾಟಿದ. ಮಗಳು ಹಿಂದೆಯೇ ಬಂದಳು.

ರೈಟರ್ ಎಂದಿನಂತೆ ಕುರ್ಚಿ ಎಳೆದ. "ಬನ್ನಿ ಸಾಹೇಬ್ರೇ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಆ ಲಿಫ್ಟ್ ಮೆಕ್ಯಾನಿಕ್ ಇದ್ದಾನಲ್ಲ, ಕೇಬಲ್ ಕೇಸು. ಅವನು ನನ್ನ ಅಳಿಯ."

ರೈಟರ್ ಹಿಡಿದ ಪೆನ್ನು ಹಾಗೇ ನಿಂತಿತು. "ಅಯ್ಯೋ! ನಿಮ್ಮ ಅಳಿಯನಾ? ಒಂದು ಮಾತು ಮೊದಲೇ ಹೇಳಬಾರದಾಗಿತ್ತಾ?"

"ನನಗೇ ಈಗ ಗೊತ್ತಾಗಿದ್ದು. ಮಾಲು ಸಿಕ್ಕಿದೆಯಾ?"

"ತಾರಸಿ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಇತ್ತು. ಆರೋಪಿಯೇ ಕರ್ಕೊಂಡು ಹೋಗಿ ತೋರಿಸಿದ ಅಂತ ಮಹಜರಾಗಿದೆ. ಬೆಳಿಗ್ಗೆನೇ ಕೋರ್ಟಿಗೆ ಹೋಯ್ತು."

"ಅವನು ತೋರಿಸಿದ್ನಾ?"

ರೈಟರ್ ತಲೆ ಕೆರೆದುಕೊಂಡ. "ಮಾಲು ಮೊದಲೇ ಸಿಕ್ಕಿತ್ತು. ಬರೆಯೋದು ಹಾಗೆ ತಾನೆ ಸಾಹೇಬ್ರೇ, ನಿಮಗೆ ಗೊತ್ತಿಲ್ದೆ ಇರೋದಾ?"

"ಪಂಚರು ಯಾರು?"

ರೈಟರ್ ಮಗಳ ಕಡೆ ನೋಡಿದ, ಮೇಜಿನ ಕಡೆ ನೋಡಿದ. "ಇನ್ಯಾರು ಸಿಗ್ತಾರೆ ಹೇಳಿ? ಒಬ್ಬ ಕಡಲೆಕಾಯಿ ಮಾರೋನು, ಅವನು ಊರು ಬಿಟ್ಟು ಹೋದ. ಇನ್ನೊಬ್ಬರು... ನೀವೇ."

ಕಾಲಡಿಯ ನೆಲ ಕುಸಿದಂತಾಗುವುದು ಎಂದರೇನು ಎಂದು ಸಾಕ್ಷಪ್ಪನಿಗೆ ಆವತ್ತು ತಿಳಿಯಿತು. ಬೇಡ ಬೇಡವೆಂದಿದ್ದ ಕುರ್ಚಿಯಲ್ಲೇ ಕೂತ. ಮಗಳು ಮಾತ್ರ ನಿಂತೇ ಇದ್ದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಪ್ಪ, ನೀನು ಅಲ್ಲಿಗೆ ಹೋಗಿದ್ಯಾ?"

"ಇಲ್ಲ ಕಣಮ್ಮ."

"ಮತ್ತೆ ಸಹಿ?"

ಇಪ್ಪತ್ತೆರಡು ಸಲ ಯಾವ ವಕೀಲನಿಗೂ ಜಗ್ಗದ ಸಾಕ್ಷಿ ಮೇಜಿನ ಮೇಲಿದ್ದ ಖಾಲಿ ಹಾಳೆಗಳ ಕಡೆ ಕೈ ತೋರಿಸಿದ. ಜ್ಞಾಪಕವಿಲ್ಲ ಎನ್ನಲು ಅಲ್ಲಿ ಅವಕಾಶವಿರಲಿಲ್ಲ.

ಅಳಿಯನ ಪರವಾಗಿ ನಿಂತವಳು ಗಿಡ್ಡನೆಯ ಒಬ್ಬ ವಕೀಲೆ. ಕರಿಕೋಟು ಅವಳಿಗೆ ಒಂದು ಅಳತೆ ದೊಡ್ಡದು, ಆದರೆ ತಲೆ ಚುರುಕು. ಜಾಮೀನು ಕೊಡಿಸಿ ಹುಡುಗನನ್ನು ಹೊರಗೆ ತಂದಳು. ಪ್ರಕರಣದ ಕಾಗದಗಳನ್ನೆಲ್ಲ ಓದಿ, ಅಪ್ಪ ಮಗಳಿಬ್ಬರನ್ನೂ ತನ್ನ ಸಣ್ಣ ಆಫೀಸಿನ ಬೆಂಚಿನ ಮೇಲೆ ಕೂರಿಸಿದಳು.

"ಈ ಕೇಸಿನಲ್ಲಿ ಇರೋದು ಒಂದೇ ಒಂದು ಗಂಟು. ಮಾಲನ್ನ ಆರೋಪಿಯೇ ತೋರಿಸಿದ ಅನ್ನೋದು. ಅದಕ್ಕಿರೋ ಸಾಕ್ಷಿ ನೀವೊಬ್ಬರೇ, ಯಜಮಾನ್ರೇ. ನೀವು ನೋಡಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿದ್ದೆ ಅಂದ್ರೆ ಕೇಸು ಬಿದ್ದುಹೋಗುತ್ತೆ."

"ಹೇಳ್ತೀನಿ. ನನ್ನ ಮಗಳ ಗಂಡನಿಗಾಗಿ ಹೇಳದೆ ಇರ್ತೀನಾ?"

"ಕೇಳಿ ಇಲ್ಲಿ. ನೀವು ಹಾಗಂದ ತಕ್ಷಣ ಸರ್ಕಾರಿ ವಕೀಲರು ನಿಮ್ಮನ್ನ ಪ್ರತಿಕೂಲ ಸಾಕ್ಷಿ ಅಂತಾರೆ. ಕರೆಸಿದೋರಿಗೇ ತಿರುಗಿಬಿದ್ದ ಸಾಕ್ಷಿ. ಆಮೇಲೆ ಅವರೇ ನಿಮಗೆ ಪಾಟೀ ಸವಾಲು ಹಾಕ್ತಾರೆ. ನಿಮ್ಮ ಹಳೆ ಇಪ್ಪತ್ತೆರಡು ಕೇಸನ್ನ ಎತ್ತೇ ಎತ್ತುತ್ತಾರೆ. ಅದೂ ಖಾಲಿ ಹಾಳೆನಾ ಅಂತ ಕೇಳ್ತಾರೆ. ಆಗ ಏನಂತೀರಿ?"

ಸಾಕ್ಷಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

"ಹೌದು ಅನ್ನಬೇಕು," ಎಂದಳು ವಕೀಲೆ. "ಅವೂ ಹಾಗೇನೇ ಅಂತ. ಆಗ ಮಾತ್ರ ನಿಮ್ಮ ಈವತ್ತಿನ ಮಾತನ್ನ ನಂಬ್ತಾರೆ. ಅವೆಲ್ಲ ನಿಜ, ಇದೊಂದೇ ಖಾಲಿ ಅಂದ್ರೆ, ಅಳಿಯನಿಗೋಸ್ಕರ ಸುಳ್ಳು ಹೇಳ್ತಿದ್ದಾನೆ ಅಂತ ಆಗುತ್ತೆ. ನಿಮಗೂ ತೊಂದರೆ ಇದೆ, ಮುಚ್ಚಿಡಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದೆ ಅಂತ ಕೇಸು ಹಾಕಬಹುದು."

"ನನಗೆ ಕೋರ್ಟು ಹೇಳಿಕೊಡಬೇಡಮ್ಮ," ಎಂದು ಅವನು ಎದ್ದ. "ನೀನು ಹುಟ್ಟೋಕೆ ಮೊದಲಿಂದ ಆ ಕಟಕಟೆ ಹತ್ತಿದೋನು ನಾನು." ಮಗಳು ಅವನ ತೋಳು ಹಿಡಿದುಕೊಂಡು, "ಹೌದು ಅಂತೀಯ ತಾನೆ ಅಪ್ಪ?" ಎಂದಳು. ಹೂಂ ಎಂದ. ಆ ಹೂಂ ಎಷ್ಟು ಗಟ್ಟಿ ಎಂದು ವಕೀಲೆಗೆ ಆಗಲೇ ಅನುಮಾನವಿತ್ತು.

ವಿಚಾರಣೆಯ ದಿನ ಬಂತು. ಅದೇ ಇಸ್ತ್ರಿ ಅಂಗಿ, ಅದೇ ಜವಾನ, ಅದೇ ಮೂರು ಕೂಗು. ಕಟಕಟೆಯ ಕಂಬಿ ಹಿಡಿದು ಪ್ರಮಾಣ ಮಾಡಿದ. ಎಡಗಡೆಗೆ ಆರೋಪಿಯ ಜಾಗದಲ್ಲಿ ಅಳಿಯ ನಿಂತಿದ್ದ. ಕೈ ಕಟ್ಟಿಕೊಂಡು, ಮಾವನನ್ನು ನೋಡಿದರೆ ಮಾವನಿಗೆ ಕಷ್ಟವಾದೀತು ಎಂದು ನೆಲ ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಮಗಳು ಕೂತಿದ್ದಳು.

ಸರ್ಕಾರಿ ವಕೀಲ ಹಳೆಯ ಪರಿಚಯ. ನಗುನಗುತ್ತ ಮುಖ್ಯ ವಿಚಾರಣೆ ಶುರುಮಾಡಿದ. "ಈ ಮಹಜರಿನ ಮೇಲಿರೋ ಸಹಿ ಯಾರದು?"

"ನನ್ನದು."

"ಆರೋಪಿ ನಿಮ್ಮೆದುರಿಗೇ ಟ್ಯಾಂಕಿನ ಹಿಂದಿಂದ ಕೇಬಲ್ ತೆಗೆದುಕೊಟ್ಟ, ಅಲ್ವಾ?"

"ಇಲ್ಲ ಸ್ವಾಮಿ. ನಾನು ಆ ಕಟ್ಟಡಕ್ಕೇ ಹೋಗಿಲ್ಲ. ಖಾಲಿ ಹಾಳೆಗೆ ಸಹಿ ಹಾಕಿದ್ದೆ. ಬರಹ ಆಮೇಲಿನದು."

ಕೋಣೆಯಲ್ಲಿ ಗುಸುಗುಸು ಎದ್ದಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಆಮೇಲಿನದು ಅಂತ ಹೇಗೆ ಹೇಳ್ತೀರಿ?"

ಆ ಹೊತ್ತಿನಲ್ಲಿ ನಮ್ಮ ಸಾಕ್ಷಪ್ಪ ಒಂದು ಒಳ್ಳೆಯ ಕೆಲಸ ಮಾಡಿದ ಎಂದು ಒಪ್ಪಬೇಕು. ಇದ್ದದ್ದು ಇದ್ದ ಹಾಗೆ ಹೇಳಿದ. ಹಾಳೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. "ನಾನು ಬೈಂಡರ್ ಸ್ವಾಮಿ, ದಿನಾ ಹಾಳೆ ನೋಡೋನು. ಮೇಲೆ ನೋಡಿ, ಅಕ್ಷರ ದಪ್ಪ, ಸಾಲು ದೂರ ದೂರ. ಕೆಳಗೆ ಬರ್ತಾ ಬರ್ತಾ ಸಾಲು ಒತ್ತಿಕೊಂಡು ಇರುವೆ ಸಾಲಾಗಿದೆ. ನನ್ನ ಸಹಿ ಮೊದಲೇ ಇದ್ದದ್ದಕ್ಕೆ ಜಾಗ ಸಾಲಲಿಲ್ಲ. ಕೊನೆ ಅಕ್ಷರದ ಬಾಲ ನನ್ನ ಸಹಿ ಮೇಲೆ ಹತ್ತಿದೆ, ನನ್ನ ಸಹಿ ಅದರ ಮೇಲೆ ಹತ್ತಿಲ್ಲ."

ನ್ಯಾಯಾಧೀಶರು ಹಾಳೆಯನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. ಮೇಜಿನ ದೀಪ ಹಾಕಿಸಿ ಮತ್ತೆ ನೋಡಿದರು. ಅಳಿಯ ತಲೆಯೆತ್ತಿದ. ಮಗಳ ಮುಖ ಅರಳುತ್ತಿದ್ದುದು ಕಟಕಟೆಯಿಂದಲೇ ಕಾಣುತ್ತಿತ್ತು. ಇನ್ನು ಒಂದೇ ಒಂದು ಮಾತು ಬೇಕಿತ್ತು.

ಸರ್ಕಾರಿ ವಕೀಲನ ನಗು ಎಲ್ಲಿ ಹೋಯಿತೋ. ಈ ಸಾಕ್ಷಿ ಪ್ರತಿಕೂಲವಾಗಿದ್ದಾನೆ, ಪಾಟೀ ಸವಾಲಿಗೆ ಅನುಮತಿ ಬೇಕು ಎಂದು ಕೇಳಿ ಪಡೆದ. ಗುಮಾಸ್ತನ ಕೈಯಿಂದ ಒಂದು ಕಟ್ಟು ಕಾಗದ ತೆಗೆದುಕೊಂಡ.

"ಆರೋಪಿ ನಿಮಗೇನಾಗಬೇಕು?"

"ಅಳಿಯ."

"ಇದಕ್ಕೆ ಮುಂಚೆ ಇಪ್ಪತ್ತೆರಡು ಪ್ರಕರಣದಲ್ಲಿ ನೀವು ಪಂಚ ಸಾಕ್ಷಿ. ನಿಮ್ಮ ಹೇಳಿಕೆಗಳು ಇಲ್ಲಿವೆ. ಪ್ರತಿಯೊಂದರಲ್ಲೂ, ಕಣ್ಣಾರೆ ಕಂಡೆ, ಓದಿ ನೋಡಿ ಸಹಿ ಮಾಡಿದೆ ಅಂತ ಪ್ರಮಾಣ ಮಾಡಿ ಹೇಳಿದ್ದೀರಿ. ಹೌದಾ?"

"ಹೌದು."

"ಆ ಹೇಳಿಕೆಗಳು ಸತ್ಯವೋ, ಸುಳ್ಳೋ?"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಯೋಚನೆ ಮಾಡಿ ಉತ್ತರ ಕೊಡಿ. ಅವು ಸುಳ್ಳು ಅಂತಾದ್ರೆ ಅದರ ಪರಿಣಾಮ ನಿಮಗೆ ಗೊತ್ತಿರಬೇಕು."

ಸಾಕ್ಷಪ್ಪ ಮಗಳ ಕಡೆ ನೋಡಿದ. ಅವಳು ಎಲ್ಲರಿಗೂ ಕಾಣುವಂತೆ ತಲೆಯಾಡಿಸುತ್ತಿದ್ದಳು, ಹೌದು ಅನ್ನು, ಹೌದು ಅನ್ನು. ಆಮೇಲೆ ಅವನ ಕಣ್ಣು ಜಗುಲಿಯ ಬಾಗಿಲಿಗೆ ಹೋಯಿತು. ಅಲ್ಲಿ ಅವನಿಂದ ಪಾಠ ಹೇಳಿಸಿಕೊಂಡವರು, ಜವಾನ, ರೈಟರ್, ಎದುರು ಬೀದಿಯ ಇಬ್ಬರು ನಿಂತು ಕತ್ತು ಚಾಚಿ ನೋಡುತ್ತಿದ್ದರು. ಆಗ ಅವನ ಮನಸ್ಸಿನಲ್ಲಿ ಏನು ಬಂತು ಗೊತ್ತೇ? ಜೈಲಿನ ಭಯ ಬಂದಿದ್ದರೆ ಕ್ಷಮಿಸಬಹುದಿತ್ತು, ಭಯ ಯಾರಿಗಿಲ್ಲ? ಅವನಿಗೆ ಬಂದದ್ದು ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಈ ಜನ ಏನನ್ನುತ್ತಾರೆ ಎಂಬ ಯೋಚನೆ. ಇಷ್ಟು ವರ್ಷದ ಸಾಕ್ಷಪ್ಪ ಎಂಬ ಬಿರುದು, ಠಾಣೆಯ ಕುರ್ಚಿ, ಸಾಹೇಬ್ರೇ ಎಂಬ ಕರೆ, ಎಲ್ಲ ಒಂದು ಮಾತಿಗೆ ಬೂದಿಯಾಗುತ್ತದೆಯಲ್ಲ ಎಂಬ ಸಂಕಟ.

"ಅವೆಲ್ಲ ಸತ್ಯ ಸ್ವಾಮಿ," ಎಂದ. "ಇದೊಂದು ಮಾತ್ರ ಖಾಲಿ."

ಬೆರಳಚ್ಚುಗಾರ್ತಿ ಟಕಟಕನೆ ಅದನ್ನು ಟೈಪು ಮಾಡಿದಳು. ಸರ್ಕಾರಿ ವಕೀಲ ಕಾಗದದ ಕಟ್ಟನ್ನು ಮಡಚಿ, ತನ್ನ ಪ್ರಶ್ನೆ ಮುಗಿಯಿತು ಎಂದು ಕೂತ. ಗಿಡ್ಡ ವಕೀಲೆ ಎದ್ದು ಹತ್ತು ರೀತಿಯಲ್ಲಿ ಕೇಳಿದಳು. ಒತ್ತಿಕೊಂಡ ಸಾಲುಗಳನ್ನು ಮತ್ತೆ ತೋರಿಸಿದಳು, ಹಳೆಯ ಮಹಜರುಗಳಲ್ಲೂ ಸಾಲುಗಳು ಹಾಗೇ ಒತ್ತಿಕೊಂಡಿವೆಯಲ್ಲವೇ ಎಂದು ಒಂದೊಂದನ್ನೇ ಮುಂದಿಟ್ಟಳು. ಅವನು ಒಂದೊಂದಕ್ಕೂ ತಾನೇ ಹೇಳಿಕೊಡುತ್ತಿದ್ದ ಮೂರನೆಯ ಉತ್ತರ ಕೊಟ್ಟ. ಮಗಳು ಬೆಂಚಿನಿಂದ ಎದ್ದು ಹೊರಗೆ ಹೋದಳು.

ತಿಂಗಳ ಮೇಲೆ ತೀರ್ಪು ಬಂತು. ನ್ಯಾಯಾಧೀಶರು ಓದಿದರು: "ಈ ಸಾಕ್ಷಿಯು ಹಿಂದಿನ ಇಪ್ಪತ್ತೆರಡು ಪ್ರಕರಣಗಳಲ್ಲಿ ನ್ಯಾಯಾಲಯಗಳ ನಂಬಿಕೆಗೆ ಪಾತ್ರರಾದ ಪ್ರಾಮಾಣಿಕ ವ್ಯಕ್ತಿಯಾಗಿದ್ದಾರೆ. ಈ ಪ್ರಕರಣದಲ್ಲಿ ಮಾತ್ರ ಮಗಳ ಮೇಲಿನ ಮಮತೆಯಿಂದ ಸತ್ಯವನ್ನು ಮರೆಮಾಚಿದ್ದಾರೆ. ಆದುದರಿಂದ ಅವರ ಸಹಿಯನ್ನು ನಂಬಿ, ಅವರ ಮಾತನ್ನು ತಿರಸ್ಕರಿಸಲಾಗಿದೆ." ಆರೋಪಿಗೆ ಎರಡು ವರ್ಷ ಸೆರೆವಾಸ. ಪೊಲೀಸಿನವರು ಕರೆದೊಯ್ಯುವಾಗ ಅಳಿಯ ಮಾವನ ಮುಂದೆ ಒಂದು ಗಳಿಗೆ ನಿಂತು, "ಬರ್ತೀನಿ ಮಾವ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಸಾಕ್ಷಪ್ಪ ತನಗೆ ಸಿಕ್ಕ ಕ್ಷಮೆ ಎಂದುಕೊಂಡ, ಪುಣ್ಯಾತ್ಮ. ಪ್ರಾಮಾಣಿಕ ವ್ಯಕ್ತಿ ಎಂದು ತೀರ್ಪಿನಲ್ಲೇ ಬರೆದಿದ್ದಾರೆ ಎಂದು ಆ ಸಂಜೆ ಹೆಂಡತಿಯ ಮುಂದೆ ಮೆಲ್ಲಗೆ ಹೇಳಿಯೂ ಬಿಟ್ಟ. ಅವಳು ಅವನ ಮುಖ ನೋಡದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹತ್ತು ದಿನದ ಮೇಲೆ ಮಗಳು ಅಂಗಡಿಗೆ ಬಂದಳು. ಜಗಳಕ್ಕೆ ಬಂದಿರಲಿಲ್ಲ. ಕತ್ತರಿಸುವ ಯಂತ್ರದ ಪಕ್ಕದಲ್ಲಿ ಕೂತು ಚೀಲದಿಂದ ಟೈಪು ಮಾಡಿದ ನಾಲ್ಕು ಹಾಳೆ ತೆಗೆದಳು.

"ಮೇಲ್ಮನವಿ ಹಾಕ್ತಿದ್ದೀವಿ. ವಕೀಲರು ಈ ಪ್ರಮಾಣಪತ್ರ ಬರೆದುಕೊಟ್ಟಿದ್ದಾರೆ. ಆ ಇಪ್ಪತ್ತೆರಡಕ್ಕೂ ನಾನು ಹೋಗಿರಲಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿದ್ದೆ ಅಂತ ನೀನು ಹೇಳೋದು. ಆಗೇ ಆಗುತ್ತೆ ಅಂತ ಅವರು ಮಾತು ಕೊಟ್ಟಿಲ್ಲ. ಆದರೆ ಇರೋದು ಇದೊಂದೇ ದಾರಿ. ಸಹಿ ಹಾಕು ಅಪ್ಪ."

ಅವನು ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡ. ಸಹಿಯ ಜಾಗ ನೋಡಲಿಲ್ಲ. ಮೊದಲ ಸಾಲಿನಿಂದ ಓದಲು ಶುರುಮಾಡಿದ.

"ಮೊದಲ ಮೂರು ನಿಜವಾಗಿ ನೋಡಿದ್ದೆ. ಅವನ್ನ ತೆಗಿ," ಎಂದ.

ಮಗಳು ಪೆನ್ನು ತೆಗೆದು ಮೂರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಹತ್ತೊಂಬತ್ತು ಉಳಿದವು. ಅವನು ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹೋದ. ಆರೋಪಿಯ ಹೆಸರು, ವಯಸ್ಸು, ಕಸುಬು, ಸಿಕ್ಕ ಮಾಲು, ಆದ ಶಿಕ್ಷೆ. ಒಬ್ಬ ಬಣ್ಣ ಬಳಿಯುವವ. ಒಬ್ಬಳು ಮನೆಗೆಲಸದವಳು. ಒಬ್ಬ ಐಸ್ ಮಾರುವವ. ಒಂಬತ್ತನೆಯದಕ್ಕೆ ಬಂದಾಗ ಹುಬ್ಬು ಗಂಟಿಕ್ಕಿದ.

"ಇವನ್ಯಾರು? ನಾಲ್ಕು ವರ್ಷ ಅಂತ ಇದೆ."

"ನನಗೇನು ಗೊತ್ತು?" ಎಂದಳು ಮಗಳು. "ಕಣ್ಣಾರೆ ಕಂಡೋನು ನೀನು."

ಅವನು ಮತ್ತೆ ಓದಿದ. ರಸ್ತೆಯಾಚೆ ಠಾಣೆಯ ಬಾಗಿಲಲ್ಲಿ ರೈಟರ್ ಬಂದು ನಿಂತು, ಅಂಗಡಿಯ ಕಡೆ ಕೈಬೀಸಿ ಒಳಗೆ ಹೋದ. ನಾಲ್ಕು ಹಾಳೆ ಓದಿ ಮುಗಿಸಲು ಸಾಕ್ಷಪ್ಪನಿಗೆ ಒಂದು ಗಂಟೆಯೇ ಹಿಡಿಯಿತು. ಮಗಳು ಅವಸರಿಸಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು. ಅವನು ಹಿಡಿದುಕೊಂಡ, ಹಾಳೆಯ ಬುಡಕ್ಕೆ ತಂದ, ಅಲ್ಲೇ ನಿಲ್ಲಿಸಿದ.

"ಇಷ್ಟು ದೊಡ್ಡ ವಿಷಯ. ಓದಿ, ಯೋಚನೆ ಮಾಡಿ ಹಾಕಬೇಕು ಕಣಮ್ಮ. ಸುಮ್ಮನೆ ಹಾಗೆ ಹಾಕೋಕಾಗಲ್ಲ. ನನಗೊಂದು ವಾಯಿದೆ ಕೊಡು. ಬರೋ ವಾರ ಬಾ."

ಮಗಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಹಾಳೆಗಳನ್ನು ಅಂಟು ತಾಗದಂತೆ ಮಡಚಿ ಚೀಲಕ್ಕೆ ಹಾಕಿದಳು. ಮುಂದಿನ ವಾರ ಬಂದಳು, ಅದರ ಮುಂದಿನ ವಾರವೂ ಬಂದಳು, ಆಮೇಲೆ ಬರುವುದನ್ನು ಬಿಟ್ಟಳು. ಅಳಿಯ ಎರಡು ವರ್ಷ ಪೂರ್ತಿ ಒಳಗಿದ್ದು ಹೊರಗೆ ಬಂದ. ಮಾವನ ವಾಯಿದೆ ಇನ್ನೂ ಮುಗಿದಿಲ್ಲ.